ನಾಲ್ಕರಿಂದ ದೀಪ ಹಚ್ಚುವವರೆಗೆ

ಕೇಸ್ ಹಾಳೆಯಲ್ಲಿ ‘ಕಾಲು ಜಾರಿ ಕಾಲುವೆಗೆ ಬಿದ್ದದ್ದು’ ಎಂದು ಬರೆದಿತ್ತು. ಶಹಾಪುರದ ದವಾಖಾನೆಯ ಗಂಡಸರ ವಾರ್ಡಿನಲ್ಲಿ, ಕಿಟಕಿ ಕಡೆಯ ಮಂಚದ ಮೇಲೆ, ಐವತ್ತು ದಾಟಿದ ಒಬ್ಬರು ಗೋಡೆಗೆ ಮುಖ ಮಾಡಿ ಮಲಗಿದ್ದರು. ಮಂಚದ ಪಕ್ಕ ನೆಲದ ಮೇಲೆ ಅವರ ಅಕ್ಕ ಕುಳಿತಿದ್ದರು. ನಾನು ಅಲ್ಲಿನ ಆಪ್ತಸಮಾಲೋಚಕಿ. ಜೀವ ಬೇಡವೆಂದು ಹೋಗಿ ಹೇಗೋ ಉಳಿದುಕೊಂಡವರ ಜೊತೆ ಕೂತು ಮಾತಾಡುವುದು ನನ್ನ ಕೆಲಸ.

ನಾನು ಸ್ಟೂಲು ಎಳೆದುಕೊಂಡು ಕೂತದ್ದೇ ತಡ, ಅಕ್ಕ ಹೇಳಿದರು: “ಪಾಚಿ ಕಟ್ಟಿತ್ರೀ ಅಲ್ಲಿ. ಕಾಲು ಜಾರ್‍ಯದ.”

ಮಲಗಿದ್ದವರು ತಿರುಗಲಿಲ್ಲ. ಗೋಡೆ ನೋಡುತ್ತಲೇ ನನಗೆ ಹೇಳಿದರು: “ಕಾಲು ಜಾರಿಲ್ರಿ ಅಕ್ಕೋರ. ಅದನ್ನ ಬರಕೊಳ್ರಿ.”

ನಾನು ಅವರನ್ನು ಕಾಕಾ ಎಂದು ಕರೆದೆ, ಅವರ ಅಕ್ಕನನ್ನು ದೊಡ್ಡವ್ವ ಎಂದೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಕಾಕಾ ಸಗರದ ಆಚೆ ಒಂದು ಕವಲು ಕಾಲುವೆಯ ಗೇಟ್‌ಮನ್. ನಾರಾಯಣಪುರದ ಕೃಷ್ಣಾ ಅಣೆಕಟ್ಟಿನಿಂದ ಬಿಟ್ಟ ನೀರು ಅಲ್ಲಿಗೆ ಬಂದಾಗ ಚಕ್ರ ತಿರುಗಿಸಿ ಬೇಕಾದಷ್ಟನ್ನು ಕೆಳಗಿನ ಹೊಲಗಳಿಗೆ ಬಿಡಬೇಕು. ದಿನಕ್ಕೆ ಮೂರು ಸಲ, ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನಕ್ಕೆ, ಸಂಜೆ ನಾಲ್ಕಕ್ಕೆ, ಕಾಲುವೆ ಗೋಡೆಯ ಮೇಲಿನ ಅಳತೆಪಟ್ಟಿ ನೋಡಿ ನೀರಿನ ಮಟ್ಟವನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ಆ ಪಟ್ಟಿಗೆ ಎಲ್ಲರೂ ಗೇಜು ಅನ್ನುತ್ತಾರೆ. ಇಪ್ಪತ್ತೆಂಟು ವರ್ಷ ಅದೇ ಗೇಟು. ಒಂಬತ್ತು ತಿಂಗಳ ಹಿಂದೆ ಹೆಂಡತಿ ತೀರಿಕೊಂಡಿದ್ದರು. ಇದ್ದೊಬ್ಬ ಮಗಳನ್ನು ಸುರಪುರಕ್ಕೆ ಕೊಟ್ಟಿದ್ದರು. ಅವರನ್ನು ನೀರಿನಿಂದ ಎಳೆದು ತಂದವನು ಕೆಳಗಿನ ಗೇಟಿನ ಗೇಟ್‌ಮನ್, ಅವರ ಜೊತೆಗಾರ.

ಇಂಥಲ್ಲಿ ಸುತ್ತಿ ಬಳಸಿ ಮಾತಾಡಬಾರದು, ನೇರವಾಗಿ ಕೇಳಬೇಕು ಎಂದು ನಮಗೆ ತರಬೇತಿಯಲ್ಲಿ ಕಲಿಸಿದ್ದರು. ಕೇಳಿದರೆ ಆ ವಿಚಾರ ತಲೆಗೆ ಹೊಕ್ಕೀತು ಎಂಬ ಹೆದರಿಕೆ ಎಲ್ಲರಿಗೂ ಇರುತ್ತದೆ. ವಿಚಾರ ಅಲ್ಲಿ ಮೊದಲೇ ಇರುತ್ತದೆ, ಕೇಳುವವರಿರುವುದಿಲ್ಲ.

“ಸಾಯಬೇಕು ಅಂತ ಈಗೂ ಅನಸ್ತದೇನು ಕಾಕಾ?”

ಕಾಕಾ ಹೇಳಿದರು: “ಇವತ್ತ ಇಲ್ಲ. ಇಲ್ಲಿ ಗದ್ದಲ ಅದ.”

ದೊಡ್ಡವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ವಾರಕ್ಕೊಮ್ಮೆ ಯಾದಗಿರಿಯಿಂದ ಬರುತ್ತಿದ್ದ ಮಾನಸಿಕ ರೋಗತಜ್ಞರು ಅವರನ್ನು ನೋಡಿ ಗುಳಿಗೆ ಶುರು ಮಾಡಿದರು. ನಾನು ಮೊದಲು ಮಾಡಬೇಕಾದದ್ದನ್ನು ಮಾಡಿದೆ. ಕಾಕಾ ಒಬ್ಬರೇ ಇರಬಾರದು, ಹಾಗಾಗಿ ದೊಡ್ಡವ್ವ ತಮ್ಮನ ಮನೆಯಲ್ಲೇ ಉಳಿಯುವುದೆಂದಾಯಿತು. ಗುಳಿಗೆ ದೊಡ್ಡವ್ವನ ಕೈಯಲ್ಲಿರಬೇಕು. ಮನಸ್ಸು ಕೆಟ್ಟಾಗ ಯಾರಿಗೆ ಫೋನ್ ಮಾಡಬೇಕು ಎಂದು ಮೂರು ನಂಬರು ಒಂದು ಚೀಟಿಯಲ್ಲಿ ಬರೆದುಕೊಟ್ಟೆ: ಮಗಳದು, ಜೊತೆಗಾರನದು, ನನ್ನದು. ಕಾಲುವೆ ಕಡೆ ಸದ್ಯ ಹೋಗಬಾರದು. ಎಲ್ಲಕ್ಕೂ ಕಾಕಾ ತಲೆಯಾಡಿಸಿದರು.

ಆಮೇಲಿನ ಹಂತಕ್ಕೆ ನನ್ನ ಬಳಿ ಒಂದು ಫಾರಮ್ಮು ಇತ್ತು. ವಿಧಾನ ಕಷ್ಟದ್ದೇನಲ್ಲ. ಮನುಷ್ಯನಿಗೆ ಬದುಕು ಬೇಡವಾಗಿದೆ ಎಂದರೆ ಹಲವು ತೊಂದರೆಗಳು ಸುತ್ತಿ ಒಂದೇ ಉಂಡೆಯಾಗಿರುತ್ತವೆ, ಅದಕ್ಕೆ ತುದಿ ಕಾಣುವುದಿಲ್ಲ. ಒಂದೊಂದನ್ನೇ ಬಿಡಿಸಿ ಬರೆಯಬೇಕು. ಯಾವುದಕ್ಕೆ ದಾರಿಯುಂಟು, ಯಾವುದಕ್ಕಿಲ್ಲ ಎಂದು ಬೇರೆ ಮಾಡಬೇಕು. ದಾರಿಯಿರುವ ಒಂದನ್ನು ಆರಿಸಿ, ತೋಚಿದ ಉಪಾಯಗಳನ್ನೆಲ್ಲ ಸರಿ ತಪ್ಪು ನೋಡದೆ ಹೇಳಬೇಕು. ನಂತರ ತೂಗಿ ನೋಡಿ, ಒಂದನ್ನು ವಾರದ ಮಟ್ಟಿಗೆ ಮಾಡಿ, ತಿರುಗಿ ಬಂದು ಏನಾಯಿತೆಂದು ನೋಡಬೇಕು. ಇಂಥ ಆರು ಭೇಟಿ.

ಕಾಕಾ ನಾಲ್ಕು ತೊಂದರೆ ಹೇಳಿದರು. ನಿದ್ದೆ ಬರುವುದಿಲ್ಲ. ಊಟ ಸೇರುವುದಿಲ್ಲ. ಕಾಲುವೆಯ ಕೊನೆಯ ಹೊಲದವರು ನೀರು ತಲುಪಲಿಲ್ಲವೆಂದು ದಿನಾ ಗೇಟಿಗೆ ಬಂದು ಜಗಳ ತೆಗೆಯುತ್ತಾರೆ. ನಾಲ್ಕನೆಯದನ್ನು ಹೇಳುವಾಗ ನನ್ನ ಮುಖ ನೋಡಿದರು. “ಆಕಿ ಇಲ್ಲ.”

ನಾನು ಬರೆದುಕೊಂಡೆ. ಮೊದಲಿನ ಮೂರನ್ನು ‘ದಾರಿಯಿದೆ’ ಎಂಬ ಕಾಲಮ್ಮಿಗೆ ಹಾಕಿದೆ. ನಾಲ್ಕನೆಯದನ್ನು ‘ದಾರಿಯಿಲ್ಲ’ ಎಂಬಲ್ಲಿ ಬರೆದೆ. ಕಾಕಾ ನನ್ನ ಪೆನ್ನು ಹೋದ ಕಡೆ ನೋಡುತ್ತಿದ್ದರು. ನಾನು ಮುಂದಕ್ಕೆ ಹೋದೆ.

ಗೇಟಿನ ಜಗಳವನ್ನು ಆರಿಸಿದೆವು ಎಂದು ಫಾರಮ್ಮಿನಲ್ಲಿದೆ. ಆರಿಸಿದ್ದು ನಾನು. ಅದಕ್ಕೊಂದು ಕಾರಣವಿತ್ತು. ದಿನವಿಡೀ ಆ ನೀರಿನ ಪಕ್ಕದಲ್ಲೇ ನಿಲ್ಲಬೇಕಾದ ನೌಕರಿಯಿಂದ ಅವರನ್ನು ಬಿಡಿಸಬೇಕು ಎಂದು ನನ್ನ ಮನಸ್ಸು ಮೊದಲೇ ತೀರ್ಮಾನಿಸಿತ್ತು. ಕಾಲುವೆ ಕಚೇರಿಯ ಸಾಹೇಬರ ಬಳಿ ನಾನೇ ಹೋದೆ, ಡಾಕ್ಟರ ಚೀಟಿ ತೋರಿಸಿದೆ. ಅವರು ಒಳ್ಳೆಯವರು, ಅಂದೇ ಒಪ್ಪಿದರು. ಕಾಕಾ ಕಚೇರಿಯಲ್ಲಿ ಕಡತ ಒಯ್ಯುವುದು, ಚಹಾ ತರುವುದು ಮಾಡಿಕೊಂಡಿರಲಿ ಎಂದರು. ಬಸ್ಸಿನಲ್ಲಿ ಮರಳುವಾಗ ನನಗೆ ಹಗುರವಾಗಿತ್ತು. ಇಷ್ಟು ಚಂದ ಕೂಡಿಬಂದ ಕೆಲಸ ಆ ವರ್ಷದಲ್ಲಿ ಇನ್ನೊಂದಿಲ್ಲ ಅಂದುಕೊಂಡೆ.

ಎರಡನೆಯ ಭೇಟಿಗೆ ಕಾಕಾ ಬಂದರು, ಕೇಳಿದ್ದಕ್ಕೆಲ್ಲ “ಬೇಸ್ ಅದರಿ” ಅಂದರು, ಎಲ್ಲ ಚೆನ್ನಾಗಿದೆ ಎಂಬಂತೆ. ಮೂರನೆಯದಕ್ಕೆ ಬಂದಾಗ ಅಂಗಿ ಹೆಗಲಿನಿಂದ ಜಾರುವಷ್ಟು ಸೊರಗಿದ್ದರು. ನಾಲ್ಕನೆಯದಕ್ಕೆ ಬರಲೇ ಇಲ್ಲ. ಮಧ್ಯಾಹ್ನ ದೊಡ್ಡವ್ವನ ಫೋನು ಬಂತು. “ಎರಡ ದಿನ ಆತು, ತುತ್ತು ಬಾಯಿಗಿಟ್ಟಿಲ್ಲ. ಕಚೇರಿಗಿ ಹೋಗವಲ್ಲ. ಗ್ವಾಡಿ ನೋಡಕೋತ ಕುಂತಾನ. ನೀವs ಬರ್ರಿ.”

ನಾನು ಸಿಕ್ಕ ಆಟೋ ಹತ್ತಿ ಹೋದೆ. ಎರಡೂ ಬದಿಗೆ ನಾಟಿ ಮಾಡಿದ ಗದ್ದೆಗಳು, ಹಳೆಯ ಕಾಲದಲ್ಲಿ ಜೋಳ ಮಾತ್ರ ಕಂಡಿದ್ದ ನೆಲ. ಕಾಕಾ ಒಳಮನೆಯ ಮೂಲೆಯಲ್ಲಿ ಕೂತಿದ್ದರು. ನಾನು ಎದುರಿಗೆ ಕೂತು ಅದೇ ಪ್ರಶ್ನೆ ಕೇಳಿದೆ.

“ಅನಸ್ತದ” ಅಂದರು. “ಆವಾಗಿಗಿಂತ ಜಾಸ್ತಿ ಅನಸ್ತದ.”

“ಯಾಕ ಕಾಕಾ? ಜಗಳ ತಪ್ಪಿತಲ್ಲ?”

“ಜಗಳ ತಪ್ಪೇದ. ನೀವು ಬೇಸ್ ಮಾಡಿದ್ರಿ, ಅಕ್ಕೋರ. ಆದ್ರ ಅಲ್ಲಿ ಗೇಟಿನ ಮ್ಯಾಲ ನಾ ಒಬ್ಬ ಮನಷ್ಯಾ ಇದ್ದೆ. ಜಗಳ ಮಾಡವ್ರೂ ನನ್ನ ಹೆಸರು ಹಿಡದು ಕರೀತಿದ್ರು. ಕಚೇರ್‍ಯಾಗ ಚಾ ಅಂತ ಕರೀತಾರ.”

ದೊಡ್ಡವ್ವ ಬಾಗಿಲಲ್ಲಿ ನಿಂತಿದ್ದರು. “ನೀರಾಗಿಂದ ಎತ್ತಿದ್ರಿ, ಖರೇ. ಎತ್ತಿ ಎಲ್ಲಿ ಇಟ್ರಿ?” ಎಂದು ಕೇಳಿದರು. ಸಿಟ್ಟಿನಲ್ಲಿ ಕೇಳಿದ್ದಲ್ಲ. ನಿಜವಾಗಿ ಉತ್ತರ ಬೇಕಾಗಿತ್ತು ಅವರಿಗೆ.

ಅದೇ ಆಟೋದಲ್ಲಿ ಮೂವರೂ ದವಾಖಾನೆಗೆ ಬಂದೆವು. ಕಾಕಾರನ್ನು ಮತ್ತೆ ವಾರ್ಡಿಗೆ ಸೇರಿಸಿದರು, ಅದೇ ಕಿಟಕಿಯ ಮಂಚ. ಯಾದಗಿರಿಯ ಡಾಕ್ಟರು ಅಂದು ಬಂದಿದ್ದರು, ಗುಳಿಗೆ ಬದಲಿಸಿದರು. ನಂತರ ನನ್ನ ಫಾರಮ್ಮು ಕೇಳಿ ತೆಗೆದುಕೊಂಡು, ಕನ್ನಡಕ ಏರಿಸಿ ಎರಡೂ ಪುಟ ಓದಿದರು.

“ಅಕ್ಷರ ಚೆನ್ನಾಗಿದೆ. ಯಾರದು?”

“ನಂದೇ ಸರ್.”

“ಉಪಾಯಗಳು?”

ಏಳು ಉಪಾಯ ಬರೆದಿದ್ದೆ. ಏಳೂ ನನ್ನವೇ. ಕಾಕಾ ತಲೆಯಾಡಿಸಿದ್ದನ್ನು ಒಪ್ಪಿಗೆ ಎಂದು ಎಣಿಸಿದ್ದೆ.

“ಅವರ ತೊಂದರೆಯನ್ನು ನೀವು ಬಿಡಿಸಿಬಿಟ್ಟರೆ ಅವರಿಗೆ ಉಳಿಯುವುದೇನು?” ಎಂದಷ್ಟೇ ಹೇಳಿ ಡಾಕ್ಟರು ಮುಂದಿನ ಮಂಚಕ್ಕೆ ಹೋದರು.

ಆ ಸಂಜೆ ಯಾದಗಿರಿ ಬಸ್ಸಿನಲ್ಲಿ ಊರು ಬರುವವರೆಗೂ ಅದನ್ನೇ ಯೋಚಿಸಿದೆ. ವಿಧಾನದಲ್ಲಿ ತಪ್ಪಿರಲಿಲ್ಲ. ನಾನು ಅದನ್ನು ಹಿಡಿದ ರೀತಿ ತಪ್ಪಿತ್ತು. ಹೆದರಿಕೆಯಿಂದ ಅವಸರ ಮಾಡಿದ್ದೆ. ‘ಆಕಿ ಇಲ್ಲ’ ಎಂದಾಗ ಒಂದು ನಿಮಿಷವೂ ನಿಲ್ಲದೆ ದಾಟಿದ್ದೆ, ಏಕೆಂದರೆ ಅದಕ್ಕೆ ನನ್ನಲ್ಲಿ ಹೇಳಲು ಏನೂ ಇರಲಿಲ್ಲ. ಮೊದಲಿನಿಂದ ಶುರು ಮಾಡಬೇಕು, ಈ ಸಲ ಪೆನ್ನು ಅವರ ಕೈಯಲ್ಲಿರಬೇಕು ಎಂದು ನಿರ್ಧರಿಸಿದೆ.

ಐದು ದಿನ ಕಳೆದು, ಊಟ ಸ್ವಲ್ಪ ಸೇರತೊಡಗಿದ ಮೇಲೆ, ಖಾಲಿ ಹಾಳೆ ಮತ್ತು ಪೆನ್ನನ್ನು ಅವರ ಮುಂದಿಟ್ಟೆ. “ನಾ ಬರದದ್ದು ಬ್ಯಾಡ ಕಾಕಾ. ನೀವs ಬರೀರಿ.”

“ನನಗ ಬರ್‍ಯಾಕ ಬರೂದು ರಿಜಿಸ್ಟರ್ ಅಷ್ಟs.”

“ರಿಜಿಸ್ಟರ್ ಹ್ಯಾಂಗ ಬರೀತೀರಿ, ಹಂಗs ಬರೀರಿ.”

ಅವರು ಸ್ಕೇಲಿಲ್ಲದೆ ನೆಟ್ಟಗೆ ಎರಡು ಗೆರೆ ಎಳೆದರು. ಎಡಕ್ಕೆ ಹೊತ್ತು ಬರೆದರು: ಆರು, ಹನ್ನೆರಡು, ನಾಲ್ಕು. ಬಲಕ್ಕೆ ಏನು ಬರೆಯಲಿ ಎಂಬಂತೆ ನನ್ನನ್ನು ನೋಡಿದರು. ಮನಸ್ಸು ಎಷ್ಟು ಕೆಟ್ಟಿರುತ್ತದೋ ಅದನ್ನು ಹತ್ತರೊಳಗೆ ಬರೆಯಿರಿ ಎಂದೆ. ತಡಮಾಡದೆ ಬರೆದರು. ಬೆಳಿಗ್ಗೆ ಆರಕ್ಕೆ ಎರಡು. ಹನ್ನೆರಡಕ್ಕೆ ಮೂರು. ನಾಲ್ಕಕ್ಕೆ ಒಂಬತ್ತು. ಪೆನ್ನು ಅಲ್ಲಿ ನಿಂತಿತು. ಆಮೇಲೆ ಕೆಳಗೆ ಇನ್ನೊಂದು ಸಾಲು ಸೇರಿಸಿದರು: ದೀಪ ಹಚ್ಚಿದ ಮೇಲೆ, ಐದು.

ನಾನು ಒಂದು ತಿಂಗಳಿನಿಂದ ನೋಡದೆ ಇದ್ದದ್ದು ಅಲ್ಲಿತ್ತು. ಇಡೀ ದಿನ ಕೆಟ್ಟದ್ದಾಗಿರಲಿಲ್ಲ. ಎರಡೂವರೆ ತಾಸು ಕೆಟ್ಟದ್ದಾಗಿತ್ತು.

“ನಾಲ್ಕಕ್ಕ ಏನಿತ್ತು ಕಾಕಾ?”

“ಆಕಿ ಬರ್ತಿದ್ಲು. ಚಾ ತಗೊಂಡು. ಶೇಂಗಾ ಇದ್ರ ಕುದಿಸಿ ತರಾಕಿ. ಗೇಜು ಬರದ ಮ್ಯಾಲ ದಂಡಿಗುಂಟ ಇಬ್ರೂ ಮನಿ ತನಕ ನಡಕೋತ ಬರ್ತಿದ್ದಿವಿ. ಮಾತಾಡತಿದ್ದಿಲ್ರಿ ಹೆಚ್ಚ. ನಡೀತಿದ್ದಿವಿ ಅಷ್ಟs.”

ಈ ಸಲ ನಾನು ದಾಟಿಹೋಗದೆ ಅಲ್ಲೇ ನಿಂತೆ. ವಾರ್ಡಿನಲ್ಲಿ ಯಾರೋ ಕೆಮ್ಮುತ್ತಿದ್ದರು. ಕಾಕಾ ಕಣ್ಣು ಒರೆಸಿಕೊಂಡು ಹಾಳೆಯನ್ನು ನನ್ನ ಕಡೆ ತಳ್ಳಿದರು. ನಾನು ಅದನ್ನು ಅವರ ಕಡೆಗೇ ಮತ್ತೆ ತಳ್ಳಿದೆ. “ಆಕಿನ್ನ ತರಾಕ ನನ್ನ ಕೈಲಾಗೂದಿಲ್ಲ ಕಾಕಾ. ನಾಲ್ಕರಿಂದ ದೀಪ ಹಚ್ಚೂತನಕ ಏನ್ ಮಾಡಬೇಕು, ಅದನ್ನ ವಿಚಾರ ಮಾಡೋಣು. ನೀವು ಹೇಳ್ರಿ.”

ಎರಡು ದಿನ ತೆಗೆದುಕೊಂಡರು. ಹಾಳೆಯ ಹಿಂದೆ ಬರೆದದ್ದು ಹೀಗಿತ್ತು: ಮಲಗುವುದು. ಹೋಟೆಲಿನಲ್ಲಿ ಕೂಡುವುದು. ಸುರಪುರಕ್ಕೆ ಮಗಳ ಹತ್ತಿರ ಹೋಗಿಬಿಡುವುದು. ಎಮ್ಮೆ ಸಾಕುವುದು. ಗೇಟಿಗೆ ಹೋಗಿ ಗೇಜು ಬರೆಯುವುದು. ಒಂದೊಂದಕ್ಕೂ ಲಾಭ ಏನು, ತೊಡಕು ಏನು ಎಂದು ಕೇಳುತ್ತ ಹೋದೆ. ಮಲಗಿದರೆ ನಿದ್ದೆ ಬರದು, ನೆನಪು ಬರುತ್ತದೆ. ಹೋಟೆಲಿನಲ್ಲಿ ಮಂದಿ ಕಾಲುವೆಯ ಸುದ್ದಿಯನ್ನೇ ಕೇಳುತ್ತಾರೆ. ಮಗಳ ಮನೆಯಲ್ಲಿ ಎಂಟು ದಿನ ಚಂದ, ಒಂಬತ್ತನೆಯ ದಿನದಿಂದ ಬೀಗರ ಮನೆ. ಎಮ್ಮೆಯ ಮಾತು ಬಂದಾಗ ದೊಡ್ಡವ್ವ ಅಂದರು: “ಸೆಗಣಿ ಬಳಿಯಾಕ ನಾ ಇದ್ದೀನೇನು?” ಕಾಕಾ ನಕ್ಕರು. ಅವರು ನಕ್ಕದ್ದನ್ನು ನಾನು ಆಗಲೇ ಮೊದಲು ನೋಡಿದ್ದು.

ಉಳಿದದ್ದು ಗೇಟು.

ಅಪಾಯದ ಜಾಗದಿಂದ ಮನುಷ್ಯನನ್ನು ದೂರವಿಡುವುದು ನಮ್ಮ ಕೆಲಸದ ಮೊದಲ ಪಾಠ. ಅದೇ ಜಾಗ ಅವರ ನೌಕರಿ, ಅವರ ಹೆಸರು, ಅವರ ಹೆಂಡತಿ ಕೊನೆಯವರೆಗೆ ನಡೆದ ದಾರಿ. ಡಾಕ್ಟರ ಬಳಿ ಹೋದೆ. ಅವರೂ ತಕ್ಷಣ ಒಪ್ಪಲಿಲ್ಲ. ಎರಡು ವಾರ ಅಂಕಿ ಆರಕ್ಕಿಂತ ಮೇಲೆ ಹೋಗಬಾರದು, ನಂತರ ನೋಡೋಣ, ಗೇಟಿನ ಮೇಲೆ ಒಬ್ಬರೇ ಒಂದು ನಿಮಿಷವೂ ಇರಕೂಡದು ಎಂದರು. ಆ ಷರತ್ತುಗಳನ್ನು ಹೇಗೆ ನಡೆಸಬೇಕೆಂಬುದನ್ನು ಮಾತ್ರ ಕಾಕಾ ತಾವೇ ಕಟ್ಟಿದರು. ಬೆಳಿಗ್ಗೆ, ಮಧ್ಯಾಹ್ನದ ಗೇಜನ್ನು ಜೊತೆಗಾರ ಬರೆಯುತ್ತಾನೆ. ನಾಲ್ಕರದನ್ನು ಕಾಕಾ ಬರೆಯುತ್ತಾರೆ, ಆಗ ಜೊತೆಗಾರ ಪಕ್ಕದಲ್ಲಿರುತ್ತಾನೆ. ದೊಡ್ಡವ್ವ ಜೊತೆಗೆ ನಡೆದು ಬರುತ್ತಾರೆ, ಜೊತೆಗೇ ಕರೆದೊಯ್ಯುತ್ತಾರೆ. ಮನಸ್ಸು ಏಳು ದಾಟಿದ ದಿನ ಗೇಟಿಗೆ ಹೋಗುವುದೇ ಇಲ್ಲ, ಮನೆಯಲ್ಲಿ ಕೂತು ಚೀಟಿಯ ನಂಬರಿಗೆ ಫೋನ್ ಮಾಡುವುದು.

ಎರಡು ವಾರ ಅಂಕಿ ಆರು ದಾಟಲಿಲ್ಲ. ಆದರೆ ಕಚೇರಿಯಲ್ಲಿ ಸಾಹೇಬರು ಬೇಡವೇ ಬೇಡ ಎಂದರು. “ಕಾಲು ಜಾರಿದ್ದು ಅಂತ ನಾ ಮ್ಯಾಲ ಬರದು ಕಳಿಸೀನಿ. ಇನ್ನೊಮ್ಮಿ ಏನರ ಆದ್ರ ಜವಾಬು ಯಾರು ಕೊಡಬೇಕ್ರಿ?”

ಈ ಬಾರಿ ನಾನು ಒಬ್ಬಳೇ ಹೋಗಿರಲಿಲ್ಲ. ಕಾಕಾ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. “ಸಾಹೇಬ್ರ, ನಾ ಸಾಯಾಕ ಹೋಗಿದ್ದೆ” ಅಂದರು. “ಈಗ ಔಷಧ ತಗೊಳ್ಳಾಕತ್ತೇನಿ. ಮನಸ್ಸು ಕೆಟ್ರ ಏನ ಮಾಡಬೇಕು, ಬರದೀನಿ. ಇದು ನೋಡ್ರಿ ಹಾಳಿ. ಕೆಟ್ಟ ದಿನ ನಾ ಬರೂದಿಲ್ಲ. ಬೇಸಿದ್ದ ದಿನ ಬರ್ತೀನಿ. ಅಷ್ಟ ಅವಕಾಶ ಕೊಡ್ರಿ.”

ಸಾಹೇಬರು ಹಾಳೆಯನ್ನು ಎರಡು ಸಲ ಓದಿದರು. ಆಮೇಲೆ ಕುರ್ಚಿ ತೋರಿಸಿ, “ಕುಂದರಪ್ಪ ಮೊದಲ” ಅಂದರು.

ಮೊದಲ ದಿನ ನಾನೂ ಹೋದೆ. ಕಾಲುವೆ ತುಂಬಿ ಹರಿಯುತ್ತಿತ್ತು. ಜೊತೆಗಾರ ಮೊದಲೇ ಬಂದು ಗೇಟಿನ ಕಟ್ಟೆಯ ಮೇಲೆ ಕೂತಿದ್ದ. ಕಾಕಾ ಗೇಜು ನೋಡಿದರು, ರಿಜಿಸ್ಟರಿನಲ್ಲಿ ಬರೆದರು. ಅಂಕಿ ನೆಟ್ಟಗಿತ್ತು. ದೊಡ್ಡವ್ವ ಚಹಾ ಬಗ್ಗಿಸಿ ಲೋಟ ಚಾಚಿದಾಗ ಅವರಿಗೆ ತೆಗೆದುಕೊಳ್ಳಲಾಗಲಿಲ್ಲ. ಕಟ್ಟೆಯ ಮೇಲೆ ಕುಸಿದು ಕೂತು ಅತ್ತರು. ಜೊತೆಗಾರ ಅವರ ಹೆಗಲ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ.

ಅತ್ತು ಮುಗಿದ ಮೇಲೆ ಕಾಕಾ ತಾವೇ ಮಾತು ತೆಗೆದರು. “ಆಕಿ ಬಳಿಚಕ್ರ ಊರಾಕಿ. ಅಲ್ಲಿ ಮಳಿ ಬಂದ್ರ ಬೆಳಿ, ಇಲ್ಲಂದ್ರ ಇಲ್ಲ. ಮದುವ್ಯಾಗಿ ಬಂದಾಗ ಇಲ್ಲೇ ನಿಂತು ಈ ನೀರು ನೋಡಿ ಕೇಳಿದ್ಲು, ಇದನ್ನ ಯಾರ ಬಿಡ್ತಾರ ಅಂತ. ನಾನs ಅಂದೆ. ಚ್ಯಾಷ್ಟಿಗಿ ಅಂದಿದ್ದು. ಆಕಿ ನಂಬಿದ್ಲು. ತವರಿಗಿ ಹೋಗಿ ಮಂದಿಗೆಲ್ಲ ಹೇಳ್ಯಾಳ, ನನ್ನ ಗಂಡ ಕೃಷ್ಣಾ ಹೊಳಿ ಬಿಡ್ತಾನ ಅಂತ.”

ದೊಡ್ಡವ್ವ ಅಂದರು: “ನನಗೂ ಹಂಗs ಹೇಳ್ಯಾಳ. ನಾ ಹೌದೇನವಾ ಅಂದೆ.”

ಚಹಾ ಆರಿತ್ತು. ಕಾಕಾ ಕುಡಿದರು. ದಂಡೆಗುಂಟ ನಡೆದು ಬರುವಾಗ ದೊಡ್ಡವ್ವ ಮೊಣಕಾಲು ನೋವೆಂದು ದಾರಿಯುದ್ದಕ್ಕೂ ಗೊಣಗಿದರು. ಮನೆ ತಲುಪಿದಾಗ ಕಾಕಾ ನನಗೆ, “ಗೇಟಿನ ಮ್ಯಾಲ ಏಳಿತ್ರಿ ಅಕ್ಕೋರ. ಈಗ ಐದು ಆಗ್ಯದ” ಅಂದರು.

ಆರು ಭೇಟಿ ಎಂದಿದ್ದುದು ಹನ್ನೊಂದಾಯಿತು. ಪ್ರತಿ ಭೇಟಿಯ ಮೊದಲ ಸ್ವಲ್ಪ ಹೊತ್ತನ್ನು ಅವರ ಹೆಂಡತಿಯ ಮಾತಿಗೆಂದೇ ಬಿಟ್ಟೆವು. ಅದರಿಂದ ಏನನ್ನೂ ಬಿಡಿಸುವುದಿರಲಿಲ್ಲ. ಎರಡು ಸಲ ಅಂಕಿ ಏಳು ದಾಟಿತು, ಎರಡೂ ಸಲ ಕಾಕಾ ಮನೆಯಲ್ಲಿ ಕೂತು ಮಗಳಿಗೆ ಫೋನ್ ಮಾಡಿದರು. ಬೇಸಿಗೆಗೆ ಕಾಲುವೆ ನೀರು ನಿಲ್ಲಿಸಿದಾಗ ನಾನು ಮತ್ತೆ ಹೆದರಿದೆ. ಗೇಜಿಲ್ಲ, ಕೆಲಸವಿಲ್ಲ, ಒಣಗಿದ ಕಾಲುವೆ. ಆದರೆ ಭೇಟಿಗೆ ಬರುವಷ್ಟರಲ್ಲಿ ಅವರು ಹೊಸ ಹಾಳೆ ತುಂಬಿಸಿಯೇ ತಂದಿದ್ದರು. ಮಗಳ ಮನೆಯಲ್ಲಿ ಎಂಟು ದಿನ, ಆಮೇಲೆ ಜೊತೆಗಾರನ ಜೊತೆ ಗೇಟಿಗೆ ಬಣ್ಣ ಬಳಿಯುವುದು. ನನ್ನನ್ನು ಒಂದು ಮಾತೂ ಕೇಳಿರಲಿಲ್ಲ. ನನಗೆ ಒಂದು ಕ್ಷಣ ಖಾಲಿಯಾದಂತೆ ಅನಿಸಿತು. ಆಗಬೇಕಾದದ್ದು ಅದೇ ಆಗಿತ್ತು.

ಮರುವರ್ಷ ನನಗೆ ಯಾದಗಿರಿಗೆ ವರ್ಗವಾಯಿತು. ಹಿಂಗಾರಿನ ಬಿತ್ತನೆಯ ದಿನಗಳಲ್ಲಿ ಒಂದು ಸಂಜೆ, ನಾಲ್ಕು ದಾಟಿತ್ತು, ಕಾಕಾರ ಫೋನು ಬಂತು.

“ಅಕ್ಕೋರ, ಇವತ್ತ ಭಾಳ ಅದ. ಗೇಟಿಗೆ ಹೋಗಿಲ್ಲ. ಮಗಳು ಫೋನ ಎತ್ತವಲ್ಲಳು. ಜೊತಿಗಾರ ಗೇಟಿನ ಮ್ಯಾಲ ಅದಾನ. ಯಕ್ಕ ಸಂತಿಗಿ ಹೋಗ್ಯಾಳ, ಬಸ್ಸಿನ್ಯಾಗ ಅದಾಳ.”

“ಬಾಜೂ ಮನಿ ಕಟ್ಟಿಗೆ ಹೋಗಿ ಕುಂದರ್ರಿ ಕಾಕಾ. ಫೋನ್ ಇಡಬ್ಯಾಡ್ರಿ.”

ಚಪ್ಪಲಿ ಸದ್ದು ಕೇಳಿಸಿತು, ಆಮೇಲೆ ಒಬ್ಬ ಹೆಣ್ಣುಮಗಳು “ಬರ್ರಿ ಕಾಕಾ” ಎಂದದ್ದು ಕೇಳಿಸಿತು.

“ಕುಂತೀನ್ರಿ. ಈಗ ನೀವು ಮಾತಾಡ್ರಿ. ನನಗ ಏನೂ ಕೇಳಬ್ಯಾಡ್ರಿ.”

ಕೇಳುವುದೊಂದೇ ನನಗೆ ಗೊತ್ತಿದ್ದ ಕೆಲಸ. ಬಾಯಿಗೆ ಬಂದದ್ದನ್ನು ಹೇಳಲು ಶುರು ಮಾಡಿದೆ. ನಮ್ಮೂರು ರಾಮಸಮುದ್ರದಲ್ಲಿ ನಮ್ಮವ್ವ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗಿಸುತ್ತಿದ್ದದ್ದು. ನಾನು ಶಾಲೆಯಿಂದ ಬರುವುದನ್ನು ಅಲ್ಲಿಂದಲೇ ನೋಡಿ, ನಾನು ಬಾಗಿಲಿಗೆ ಮುಟ್ಟುವ ಮೊದಲೇ ರೊಟ್ಟಿ ಬಿಸಿ ಮಾಡುತ್ತಿದ್ದದ್ದು. ನನಗೆ ಈ ನೌಕರಿಯ ಆದೇಶ ಬಂದ ದಿನ ಅವ್ವ ಬದುಕಿರಲಿಲ್ಲ. ಕಾಗದ ಹಿಡಿದು ಮಾಳಿಗೆ ಹತ್ತಿ ಒಬ್ಬಳೇ ನಿಂತು ಇಳಿದು ಬಂದಿದ್ದೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಆ ಕಡೆ ಕಾಕಾರ ಉಸಿರು ಮಾತ್ರ ಕೇಳಿಸುತ್ತಿತ್ತು. ನಡುನಡುವೆ “ಹೂಂ” ಅನ್ನುತ್ತಿದ್ದರು.

ಬಹಳ ಹೊತ್ತಿನ ಮೇಲೆ ದೊಡ್ಡವ್ವನ ದೊಡ್ಡ ದನಿ ಬಂತು, ಬಸ್ಸಿನಲ್ಲಿ ಜಾಗ ಸಿಗಲಿಲ್ಲವೆಂದು ಯಾರಿಗೋ ದೂರುತ್ತಿದ್ದರು.

“ಯಕ್ಕ ಬಂದಾಳ್ರಿ” ಅಂದರು ಕಾಕಾ. “ಈಗ ಜರಾ ಇಳದದ. ನಾಳಿ ಮುಂಜಾನಿ ಬಸ್ಸಿಗೆ ಬಂದು ಡಾಕ್ಟರಿಗೆ ತೋರಸ್ತೀನಿ.”

“ಬರ್ರಿ ಕಾಕಾ. ನಾ ದವಾಖಾನಿ ಬಾಗಲಾಗ ನಿಂತಿರ್ತೀನಿ.”

ಅವರು ಫೋನು ಇಡಲಿಲ್ಲ. “ಅಕ್ಕೋರ, ನಿಮ್ಮವ್ವನ ಹೆಸರೇನ್ರಿ?”

ಹೇಳಿದೆ. ಆ ಹೆಸರನ್ನು ಬಾಯಿಬಿಟ್ಟು ಹೇಳಿ ಎಷ್ಟು ವರ್ಷಗಳಾಗಿದ್ದವೋ, ದನಿ ನನ್ನದಲ್ಲ ಅನಿಸಿತು. ಕಾಕಾ ಅದನ್ನು ಒಮ್ಮೆ ತಾವೂ ಮೆಲ್ಲಗೆ ಅಂದು ನೋಡಿ, “ಚಂದ ಅದರಿ” ಎಂದರು.